ನಾಲ್ಕು ಗಂಟೆಯ ಅಂಗಡಿ

2020ರ ಯುಗಾದಿ ಬಂದದ್ದು ಮಾರ್ಚ್ 25ರಂದು. ದೇಶವ್ಯಾಪಿ ಲಾಕ್‌ಡೌನ್‌ನ ಮೊದಲ ದಿನವೂ ಅದೇ. ಬೇವು ಬೆಲ್ಲ, ಒಬ್ಬಟ್ಟು ಮನೆಯಲ್ಲಿದ್ದುದರಲ್ಲೇ ಹೇಗೋ ಆಯಿತು. ಹಳೆ ಮೈಸೂರು ಸೀಮೆಯವರ ಚಿಂತೆಯೆಲ್ಲ ಮರುದಿನದ್ದು. ಬಾಡೂಟದ ದಿನವಾದ ಹೊಸ ತೊಡಕಿಗೆ ಮಾಂಸ ತರುವುದು ಹೇಗೆ? ಅದೇ ತಿಂಗಳ ನಡುವೆ ಮೈಸೂರಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಕೋಳಿಗಳನ್ನು ಕೊಂದು ಹೂಳಲಾಗಿತ್ತು; ಕೋಳಿಯ ಮಾತೇ ಇರಲಿಲ್ಲ. ಹಾಗಾಗಿ ಎಲ್ಲರೂ ಮಟನ್ ಅಂಗಡಿಯ ಮುಂದೆ ನಿಂತರು. ಕುರಿಗೆ ಹೆಸರಾದ ಬನ್ನೂರು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ. ಅಲ್ಲಿ ಹೊಸ ತೊಡಕನ್ನು ಮಾಂಸವಿಲ್ಲದೆ ಕಳೆಯಿರಿ ಎಂದರೆ ಯಾರು ಕೇಳಿಯಾರು?

ಆ ಗುರುವಾರ, ಮಾರ್ಚ್ 26ರಂದು, ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿ ನಂಜನಗೂಡಿನ ಹೆಸರು ಬಂತು. ಅಲ್ಲಿನ ಕೈಗಾರಿಕಾ ಪ್ರದೇಶದ ಜುಬಿಲಂಟ್ ಔಷಧ ಕಾರ್ಖಾನೆಯ ಉದ್ಯೋಗಿಯೊಬ್ಬರಿಗೆ ಕೊರೊನಾ ಸೋಂಕು ತಗುಲಿತ್ತು. ಮುಂದಿನ ಕೆಲವೇ ವಾರಗಳಲ್ಲಿ ಮೈಸೂರು ಜಿಲ್ಲೆಯ ಒಟ್ಟು ಪ್ರಕರಣ 90ಕ್ಕೆ ಏರಿತು. ಅದರಲ್ಲಿ 74 ಈ ಕಾರ್ಖಾನೆಯ ನಂಟಿನವು. ಸಾವಿರಕ್ಕೂ ಹೆಚ್ಚು ಜನ ಮನೆಯಲ್ಲೇ ಪ್ರತ್ಯೇಕವಾಗಿ ಉಳಿಯಬೇಕಾಯಿತು, ಊರಿಗೆ ಊರೇ ಮುಚ್ಚಿತು. ಮೇ ತಿಂಗಳ ನಡುವೆ ಎಲ್ಲ 90 ಮಂದಿಯೂ ಗುಣಮುಖರಾಗಿ ಮನೆ ಸೇರಿದರು ಎಂಬುದನ್ನು ಈಗ ನೆನೆದರೂ ಸಮಾಧಾನವೆನಿಸುತ್ತದೆ. ಆದರೆ ಮೊದಲ ಸೋಂಕು ಎಲ್ಲಿಂದ ಬಂತೆಂಬುದು ಬಗೆಹರಿಯಲಿಲ್ಲ. ಮೊದಲ ರೋಗಿ ವಿದೇಶಕ್ಕೆ ಹೋಗಿದ್ದವರಲ್ಲ. ಹಾಗಾಗಿ ಚೀನಾದಿಂದ ಕಾರ್ಖಾನೆಗೆ ಬಂದ ಕಚ್ಚಾ ವಸ್ತುಗಳ ಮೇಲೆ ಗುಮಾನಿ ಹೋಯಿತು. ಅವುಗಳ ಮಾದರಿ ತೆಗೆದು ಪರೀಕ್ಷಿಸಿದರು, ವೈರಾಣು ಸಿಗಲಿಲ್ಲ. ತನಿಖೆಗೆ ಐಎಎಸ್ ಅಧಿಕಾರಿ ಹರ್ಷ ಗುಪ್ತ ಅವರನ್ನೂ ನೇಮಿಸಲಾಯಿತು.

ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಆ ಕಚ್ಚಾ ವಸ್ತುಗಳ ಪೆಟ್ಟಿಗೆಯ ಭಯ ಜಿಲ್ಲೆಯ ಅಡುಗೆಮನೆಗಳನ್ನೆಲ್ಲ ಹೊಕ್ಕಾಗಿತ್ತು. ಚೀನಾದ ಪೆಟ್ಟಿಗೆಯಿಂದ ರೋಗ ಬರುವುದಾದರೆ ಅಂಗಡಿಯ ಬೇಳೆ ಪೊಟ್ಟಣದಿಂದ ಯಾಕೆ ಬರಬಾರದು? ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆದರು. ತರಕಾರಿಯನ್ನು ಜಗುಲಿಯ ಬಿಸಿಲಿಗೆ ಹರವಿದರು, ಅರಿಶಿನದ ನೀರಿಗೆ ಹಾಕಿದರು, ಉಪ್ಪುನೀರಿಗೆ ಹಾಕಿದರು. ನೋಟುಗಳಿಗೆ ಇಸ್ತ್ರಿ ಹಾಕಿದವರೂ ಉಂಟು. ಕೊತ್ತಂಬರಿ ಸೊಪ್ಪಿಗೆ ಸ್ಯಾನಿಟೈಸರ್ ಸಿಂಪಡಿಸಿದವರೂ ಉಂಟು. ಪೇಪರ್ ಹಾಕುವ ಹುಡುಗನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು.

ಇದನ್ನು ಮೌಢ್ಯವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅಂಥ ಭಯಕ್ಕೆ ಆಗ ಆಧಾರವಿತ್ತು. ಅದೇ ಮಾರ್ಚ್‌ನಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದ ಪ್ರಕಾರ, ಈ ವೈರಾಣು ಪ್ಲಾಸ್ಟಿಕ್ ಮೇಲೆ 72 ಗಂಟೆಯವರೆಗೂ ರಟ್ಟಿನ ಮೇಲೆ ಸುಮಾರು 24 ಗಂಟೆಯೂ ಉಳಿಯಬಲ್ಲದಾಗಿತ್ತು. ತಾಮ್ರದ ಮೇಲೆ ಮಾತ್ರ 4 ಗಂಟೆಯಲ್ಲಿ ಅಳಿಯುತ್ತಿತ್ತು. ಈ ಅಂಕಿಗಳು ವಾಟ್ಸಪ್‌ನಲ್ಲಿ ಊರೂರು ಸುತ್ತಿದವು. ಅದೇ ಪ್ರಯೋಗ ಇನ್ನೊಂದು ಮಾತನ್ನೂ ಹೇಳಿತ್ತು: ವೈರಾಣು ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಲ್ಲಿ 3 ಗಂಟೆ ಜೀವ ಹಿಡಿದಿರಬಲ್ಲದು. ಆ ಸಾಲನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಮಾನಿನ ಮೇಲಿನ ಸಂಶಯಕ್ಕೆ ಇನ್ನೂ ಹಳೆಯ ಬೇರಿದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂದಾಗ ಸಾಮಾನು ನಿಜಕ್ಕೂ ರೋಗ ತರುತ್ತಿತ್ತು. ಅದಕ್ಕೆ ಎರಡು ವರ್ಷ ಮುಂಚೆ ಮುಂಬೈಯಲ್ಲಿ ಆ ರೋಗ ಮೊದಲು ಕಾಣಿಸಿಕೊಂಡದ್ದೇ ಧಾನ್ಯದ ಗೋದಾಮುಗಳಿದ್ದ ಮಾಂಡ್ವಿ ಪ್ರದೇಶದಲ್ಲಿ. ಧಾನ್ಯ ಇದ್ದಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ, ಚಿಗಟದ ಕಡಿತದಲ್ಲಿ ಪ್ಲೇಗ್. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮಂಡಿಯಿಂದ ಬಂದ ಮೂಟೆಗೆ ಹೆದರುವುದು ಆ ಕಾಲಕ್ಕೆ ಸರಿಯಾದ ಬುದ್ಧಿಯೇ. ಊರು ಬಿಟ್ಟು ಬಯಲಿಗೆ ಹೋಗುವುದೂ ಸರಿಯೇ. ಕೊರೊನಾ ಬಂದಾಗ ಮೂಟೆಯ ಭಯ ನಮಗೆ ನೆನಪಿತ್ತು, ಬಯಲಿನ ಬುದ್ಧಿ ಮರೆತುಹೋಗಿತ್ತು. ದಿನಸಿ ಕೊಳ್ಳುವ ವಿಚಾರದಲ್ಲಿ ಆ ಎರಡು ವರ್ಷ ಮಾಡಿಕೊಂಡ ಎಡವಟ್ಟುಗಳ ಮೂಲ ಇದೇ ಎಂದು ನನ್ನ ನಂಬಿಕೆ.

ಮುಟ್ಟಿದ ವಸ್ತುವಿನಿಂದ ಸೋಂಕು ತಗಲುವ ಸಂಭವ ಎಷ್ಟೆಂಬುದು ಸ್ಪಷ್ಟವಾಗಲು ಒಂದು ವರ್ಷ ಬೇಕಾಯಿತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಲೆಕ್ಕ ಹೇಳಿತು: ಸೋಂಕಿತ ವಸ್ತುವನ್ನು ಮುಟ್ಟಿದ ಹತ್ತು ಸಾವಿರ ಸಲದಲ್ಲಿ ರೋಗ ಬರುವುದು ಒಂದು ಸಲಕ್ಕಿಂತ ಕಡಿಮೆ. ಪ್ರಯೋಗಾಲಯದಲ್ಲಿ ಬೇಕೆಂದೇ ಸುರಿದ ವೈರಾಣು ಪ್ಲಾಸ್ಟಿಕ್ ಮೇಲೆ ಉಳಿಯುವುದು ಬೇರೆ. ಅಂಗಡಿಯ ಪೊಟ್ಟಣದ ಮೇಲೆ ಬಿದ್ದ ಒಂದಿಷ್ಟು ಹನಿ ಒಣಗಿ, ಬಿಸಿಲು ತಿಂದು, ನಮ್ಮ ಬೆರಳಿಗೆ ಅಂಟಿ, ಅಲ್ಲಿಂದ ಮೂಗು ಬಾಯಿ ತಲುಪುವುದು ಬೇರೆ. ದಾರಿಯ ಪ್ರತಿ ಹೆಜ್ಜೆಯಲ್ಲೂ ವೈರಾಣುಗಳ ಸಂಖ್ಯೆ ಇಳಿಯುತ್ತ ಹೋಗುತ್ತದೆ.

ಹಾಗೆಂದು ಕೈ ತೊಳೆದದ್ದು ವ್ಯರ್ಥವಾಗಲಿಲ್ಲ. ಈ ವೈರಾಣುವಿನ ಹೊರಕವಚ ಜಿಡ್ಡಿನದು, ಸೋಪು ಅದನ್ನು ಒಡೆದುಹಾಕುತ್ತದೆ. ಅಂಗಡಿಯಿಂದ ಬಂದ ಕೂಡಲೇ 20 ಸೆಕೆಂಡು ಸೋಪಿನಲ್ಲಿ ಕೈ ಉಜ್ಜಿಕೊಂಡರೆ ಪೊಟ್ಟಣ, ನೋಟು, ಚಿಲ್ಲರೆ ಎಲ್ಲದರ ಚಿಂತೆ ಒಂದೇ ಸಲಕ್ಕೆ ಕಳೆಯುತ್ತದೆ. ಸೋಪು ಕೈಗೆ ಹೊರತು ಸೊಪ್ಪಿಗಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆಗಲೇ ಹೇಳಿತ್ತು: ಹಣ್ಣು ತರಕಾರಿಗೆ ಸೋಪು, ಡಿಟರ್ಜೆಂಟ್, ಸೋಂಕುನಾಶಕ ಹಾಕಬೇಡಿ, ಶುದ್ಧ ನೀರಲ್ಲಿ ತೊಳೆಯಿರಿ. ದಂಟಿನ ಸೊಪ್ಪಿನ ಸಂದಿಯಲ್ಲಿ ಉಳಿದ ಸೋಪಿನ ನೊರೆ ಮಕ್ಕಳ ಹೊಟ್ಟೆ ಸೇರಿದರೆ ಆಗಬಹುದಾದ ಕೇಡು ನಿಜದ್ದು. ಸೋಪು ಹಚ್ಚಿ ತಪ್ಪಿಸಿಕೊಂಡೆವೆಂದುಕೊಂಡ ಕೇಡು ಇದ್ದದ್ದೇ ಅನುಮಾನ. ಇನ್ನು ತಮಿಳುನಾಡಿನ ತಿರುಪ್ಪೂರಿನ ರೈತ ಸಂತೆಯಲ್ಲಿ 2020ರ ಏಪ್ರಿಲ್ ಮೊದಲ ದಿನವೇ ಶುರುವಾದ ಸೋಂಕುನಾಶಕ ಸುರಂಗ ಎಲ್ಲೆಡೆ ಮಾದರಿಯಾಯಿತು. ಮಾರುಕಟ್ಟೆಗೆ ಬಂದವರ ಮೇಲೆಲ್ಲ ರಾಸಾಯನಿಕ ಸಿಂಪಡಿಸುವುದು ಅದರ ಕೆಲಸ. ಮನುಷ್ಯರ ಮೈಮೇಲೆ ಹೀಗೆ ಸಿಂಪಡಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯವೇ ಆ ತಿಂಗಳು ಎಚ್ಚರಿಸಬೇಕಾಯಿತು.

ಹಾಗಾದರೆ ಅಪಾಯ ಎಲ್ಲಿತ್ತು? ಮಾತಾಡುವಾಗ, ಕೆಮ್ಮುವಾಗ, ಸುಮ್ಮನೆ ಉಸಿರು ಬಿಡುವಾಗಲೂ ಬಾಯಿ ಮೂಗಿನಿಂದ ಕಣ್ಣಿಗೆ ಕಾಣದ ಹನಿಗಳು ಹೊರಡುತ್ತವೆ. ದೊಡ್ಡವು ಒಂದೆರಡು ಮಾರು ದೂರದಲ್ಲಿ ನೆಲಕ್ಕೆ ಬೀಳುತ್ತವೆ. ಸಣ್ಣವು ಬೀಡಿ ಹೊಗೆಯ ಹಾಗೆ ತೇಲುತ್ತವೆ. ಬಯಲಿನಲ್ಲಿ ಕ್ಷಣದಲ್ಲಿ ಚದುರುತ್ತವೆ, ಕಿಟಕಿಯಿಲ್ಲದ ಕೋಣೆಯಲ್ಲಿ ಸುತ್ತುತ್ತಲೇ ಇರುತ್ತವೆ. 2020ರ ಜನವರಿಯಲ್ಲಿ ಚೀನಾದ ಗ್ವಾಂಗ್‌ಝೌ ನಗರದ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟಕ್ಕೆ ಕೂತಿದ್ದ ಮೂರು ಕುಟುಂಬಗಳ 10 ಮಂದಿಗೆ ಸೋಂಕು ತಗುಲಿದ್ದನ್ನು ಅಲ್ಲಿನ ವೈದ್ಯರು ಬಿಡಿಸಿ ನೋಡಿದರು. ಎಸಿಯ ಗಾಳಿ ಆ ಮೂರು ಮೇಜುಗಳ ನಡುವೆ ಸುತ್ತುತ್ತಿತ್ತು. ಉಳಿದ ಮೇಜಿನವರಿಗೆ ಏನೂ ಆಗಿರಲಿಲ್ಲ. ಇಂಥ ಪುರಾವೆ ಎಷ್ಟಿದ್ದರೂ ಗಾಳಿಯ ಮಾತನ್ನು ಒಪ್ಪಲು ದೊಡ್ಡ ಸಂಸ್ಥೆಗಳು ತಡಮಾಡಿದವು. ಕಿಟಕಿ ತೆರೆಯಿರಿ, ಗಾಳಿಯಾಡಲಿ ಎಂದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಒತ್ತಿ ಹೇಳಿದ್ದು 2021ರ ಮೇ ತಿಂಗಳಲ್ಲಿ. ಅಷ್ಟೊತ್ತಿಗೆ ಎರಡನೇ ಅಲೆ ಮನೆಮನೆ ಹೊಕ್ಕಿತ್ತು. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಸರ್ಕಾರದ ಲೆಕ್ಕದಲ್ಲೇ 24 ಮಂದಿ ತೀರಿಕೊಂಡಿದ್ದರು, ಆಮ್ಲಜನಕದ ಕೊರತೆಯ ನಡುವೆ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಡೆಯ ದಿನಸಿ ಅಂಗಡಿಯನ್ನು ಒಮ್ಮೆ ನೋಡಬೇಕು. ನಂಜನಗೂಡಿನ ಆರ್.ಪಿ. ರಸ್ತೆಯಂಥ ಹಳೆಯ ಬೀದಿಯಲ್ಲಾಗಲಿ, ತಿ. ನರಸೀಪುರದ ಬಸ್ ನಿಲ್ದಾಣದ ಸುತ್ತಮುತ್ತಲಾಗಲಿ, ಹಳೆಯ ಅಂಗಡಿಗಳ ಕಟ್ಟಡದ ರೀತಿ ಒಂದೇ. ಬೀದಿಯ ಅಂಚಿಗೆ ಒಂದು ಅಡ್ಡ ಮೇಜು ಅಥವಾ ಗಾಜಿನ ಪೆಟ್ಟಿಗೆ. ಮೇಜಿನ ಆಚೆ ಅಂಗಡಿಯವರು, ಈಚೆ ಗಿರಾಕಿ. ಗಿರಾಕಿ ಒಳಗೆ ಕಾಲಿಡುವುದೇ ಇಲ್ಲ. ‘ಎರಡು ಕೇಜಿ ತೊಗರಿಬೇಳೆ, ಅರ್ಧ ಕೇಜಿ ಹುಣಸೆಹಣ್ಣು’ ಎಂದು ಬೀದಿಯಲ್ಲೇ ನಿಂತು ಹೇಳುತ್ತಾರೆ, ಸಾಮಾನು ಹೊರಗೆ ಬರುತ್ತದೆ. ತಲೆ ಮೇಲೆ ಆಕಾಶ, ಬೆನ್ನಿಗೆ ಗಾಳಿ. ಸಾಂಕ್ರಾಮಿಕದ ಕಾಲಕ್ಕೆ ಒಂದು ಅಂಗಡಿ ಹೇಗಿರಬೇಕೆಂದು ತಜ್ಞರನ್ನು ಕೂರಿಸಿ ನಕ್ಷೆ ಬರೆಸಿದರೂ ಇದಕ್ಕಿಂತ ಉತ್ತಮವಾದದ್ದು ಸಿಗಲಾರದು. ಗಿರಾಕಿಯೇ ಒಳಹೊಕ್ಕು, ಬಾಗಿಲು ಮುಚ್ಚಿದ ಎಸಿ ಗಾಳಿಯಲ್ಲಿ ಸಾಲು ಸಾಲು ಕಪಾಟುಗಳ ನಡುವೆ ಅರ್ಧ ಗಂಟೆ ಗಾಡಿ ತಳ್ಳುವ ಸೂಪರ್ ಮಾರ್ಕೆಟ್‌ಗೆ ಹೋಲಿಸಿದರೆ, ಜಗುಲಿಯ ಮುಂದೆ ನಿಂತು ಚೀಟಿ ಕೊಟ್ಟು ಬರುವುದು ಎಷ್ಟೋ ಪಾಲು ಕ್ಷೇಮ. ಆದರೂ ಆ ದಿನಗಳಲ್ಲಿ ಜನ ನಂಬಿದ್ದು ಇದರ ತಿರುಗುಮುರುಗು. ಮೊಹರು ಹಾಕಿದ ಪ್ಯಾಕೆಟ್ಟು, ಹೊಳೆಯುವ ನೆಲ, ಬಾಗಿಲಲ್ಲಿ ಸ್ಯಾನಿಟೈಸರ್ ಹಿಡಿದು ನಿಂತ ಕಾವಲುಗಾರ ಇದ್ದರೆ ಶುದ್ಧ. ಮೂಟೆಯಿಂದ ಅಳೆದು ಕೊಡುವ ಅಂಗಡಿ, ನೆಲದ ಮೇಲೆ ಗೋಣಿ ಹಾಸಿ ಸೊಪ್ಪು ಮಾರುವ ಅಜ್ಜಿ ಅಪಾಯ. ಬಯಲಲ್ಲಿ ಕೂತ ಆ ಅಜ್ಜಿಯಷ್ಟು ಸುರಕ್ಷಿತವಾದ ವ್ಯಾಪಾರ ಇನ್ನೊಂದಿರಲಿಲ್ಲ.

ಇಂಥ ಒಳ್ಳೆಯ ವ್ಯವಸ್ಥೆಯನ್ನೂ ಕೆಡಿಸಿದ್ದು ಗಡಿಯಾರ. 2021ರ ಏಪ್ರಿಲ್ ಕೊನೆಯಿಂದ ರಾಜ್ಯದಲ್ಲಿ ದಿನಸಿ, ತರಕಾರಿ, ಮಾಂಸದ ಅಂಗಡಿಗಳಿಗೆ ಬಹುಪಾಲು ದಿನ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ಉದ್ದೇಶ ಒಳ್ಳೆಯದೇ, ಜನ ಬೀದಿಯಲ್ಲಿರುವ ಹೊತ್ತು ಕಡಿಮೆಯಾಗಲಿ ಎಂದು. ಆದರೆ ಉಣ್ಣುವ ಬಾಯಿಗಳ ಲೆಕ್ಕ ಕಡಿಮೆಯಾಗುವುದಿಲ್ಲವಲ್ಲ. ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ ತೆರೆದಿರುತ್ತಿದ್ದ ಅಂಗಡಿಗೆ 14 ಗಂಟೆಯಲ್ಲಿ ಬರುತ್ತಿದ್ದ ಅಷ್ಟೂ ಜನ 4 ಗಂಟೆಯಲ್ಲಿ ಬರಬೇಕಾದರೆ ಯಾವುದೇ ಕ್ಷಣದಲ್ಲಿ ಮುಂದೆ ನಿಂತವರ ಸಂಖ್ಯೆ ಮೂರೂವರೆ ಪಟ್ಟು. ನಾಳೆ ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಒಬ್ಬೊಬ್ಬರೂ ಎರಡರಷ್ಟು ಕೊಳ್ಳುವಾಗ ಒಂದೊಂದು ವ್ಯಾಪಾರಕ್ಕೂ ಎರಡರಷ್ಟು ಹೊತ್ತು. ಒಂಬತ್ತೂವರೆ ದಾಟಿದರಂತೂ ಪೊಲೀಸ್ ಜೀಪು ಬರುವ ಮೊದಲು ಮುಗಿಸುವ ಧಾವಂತ. ಅಂತರ ಕಾಯಲೆಂದು ಸುಣ್ಣದಲ್ಲಿ ಬರೆದ ವೃತ್ತಗಳು ಕಾಲಡಿಯಲ್ಲಿ ಮುಚ್ಚಿಹೋಗುವುದು ಆಗಲೇ. ಮಾಸ್ಕ್ ಗದ್ದಕ್ಕಿಳಿಯುವುದೂ ಆಗಲೇ, ಏಕೆಂದರೆ ಗದ್ದಲದಲ್ಲಿ ಕೂಗಿ ಹೇಳದಿದ್ದರೆ ಅಂಗಡಿಯವರಿಗೆ ಕೇಳಿಸದು.

ಹಳ್ಳಿಯವರ ಪಾಡು ಇನ್ನೊಂದು ಬಗೆ. ಆ ವರ್ಷ ಮೇ 10ರಿಂದ ಬಿಗಿಯಾದ ಲಾಕ್‌ಡೌನ್ ನಿಯಮದಲ್ಲಿ ಸಾಮಾನು ತರಲು ವಾಹನ ಬಳಸುವಂತಿರಲಿಲ್ಲ, ಹತ್ತಿರದ ಅಂಗಡಿಗೆ ನಡೆದೇ ಹೋಗಬೇಕಿತ್ತು. ಬೆಂಗಳೂರಿನ ಬಡಾವಣೆಗೆ ಒಪ್ಪುವ ಮಾತದು. ಹುಲ್ಲಹಳ್ಳಿ ಕಡೆಯ ಒಳಹಳ್ಳಿಯಿಂದಲೋ ಮೂಗೂರು, ಸೋಸಲೆಯ ಆಚೀಚೆಯ ಊರುಗಳಿಂದಲೋ ಔಷಧಿ, ದಿನಸಿಗೆ ಬರುವವರು ಮೈಲಿಗಟ್ಟಲೆ ನಡೆದು ಹತ್ತರೊಳಗೆ ಮನೆ ಸೇರಬೇಕೆಂದರೆ ಹೇಗೆ? ರಾಜ್ಯದಾದ್ಯಂತ ಬೈಕ್ ಜಪ್ತಿ, ಲಾಠಿ ಏಟು, ಜನರ ಸಿಟ್ಟು ಎಲ್ಲ ಆದ ಮೇಲೆ ಹತ್ತಿರದ ಅಂಗಡಿಗೆ ವಾಹನದಲ್ಲಿ ಹೋಗಲು ಅಡ್ಡಿಯಿಲ್ಲವೆಂದು ಸಡಿಲಿಸಿದರು. ಒಬ್ಬ ಮನುಷ್ಯ ಒಂಟಿಯಾಗಿ ಬೈಕಿನಲ್ಲಿ ಹೋಗುವುದರಲ್ಲಿ ರೋಗ ಹರಡುವ ಮಾತೇ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಬೇಸರವಾಗುತ್ತದೆ.

ಗುಂಪು ಸೇರಿದರೆ ಮಾರುಕಟ್ಟೆ ಏನಾಗಬಲ್ಲದು ಎಂಬುದಕ್ಕೆ ಚೆನ್ನೈನ ಕೊಯಂಬೇಡು ಸಾಕ್ಷಿ. ಏಷ್ಯಾದ ದೊಡ್ಡ ತರಕಾರಿ ಮಾರುಕಟ್ಟೆಗಳಲ್ಲಿ ಒಂದಾದ ಅಲ್ಲಿಗೆ 2020ರ ಏಪ್ರಿಲ್ ಕೊನೆಯಲ್ಲಿ ಜನ ಮುಗಿಬಿದ್ದರು. ಮೇ 5ರಂದು ಅದನ್ನು ಮುಚ್ಚುವಷ್ಟರಲ್ಲಿ ಹಮಾಲಿಗಳು, ಲಾರಿಯವರು, ಸಣ್ಣ ವ್ಯಾಪಾರಿಗಳು ಸೋಂಕು ಹೊತ್ತು ಕಡಲೂರು, ವಿಲ್ಲುಪುರಂ, ಅರಿಯಲೂರಿನ ಊರುಗಳಿಗೆ ಮರಳಿದ್ದರು. ಆ ಮಾರುಕಟ್ಟೆಯ ನಂಟಿನ ಪ್ರಕರಣಗಳು ಸಾವಿರಗಳಿಗೇರಿದವು. ಲಾರಿಗಳಲ್ಲಿ ಅದೇ ಕೊಯಂಬೇಡಿನ ತರಕಾರಿ ನೂರಾರು ಊರಿಗೆ ಹೋಯಿತು. ರೋಗ ಹೋದದ್ದು ಮಾತ್ರ ಮನುಷ್ಯರು ಹೋದಲ್ಲಿಗೆ.

ಎಲ್ಲರಿಗೂ ತಿಂಗಳ ಸಾಮಾನು ಒಮ್ಮೆಗೇ ತಂದಿಡಿ ಎಂದು ಬುದ್ಧಿ ಹೇಳಿದವರು ಆಗ ಬಹಳ. ರಾಗಿ, ಭತ್ತ ಮನೆಯಲ್ಲೇ ತುಂಬಿಸಿಟ್ಟ ಜಮೀನಿನವರಿಗೆ, ಸಂಬಳದವರಿಗೆ ಅದು ಸರಿ. ದಿನದ ಕೂಲಿಯಲ್ಲಿ ಅಂದಂದಿನ ಎಣ್ಣೆ, ಸಕ್ಕರೆ, ಸಾಂಬಾರು ಪುಡಿ ತರುವ ಮನೆಗೆ ತಿಂಗಳ ಸಾಮಾನಿನ ದುಡ್ಡು ಎಲ್ಲಿಂದ ಬಂದೀತು? ಅವರು ದಿನಾ ಅಂಗಡಿಗೆ ಬರಲೇಬೇಕು. ಇಲ್ಲಿ ಅಂಗಡಿಯ ಸಾಲದ ಪುಸ್ತಕ ಎಷ್ಟೋ ಮನೆಗಳನ್ನು ಕಾಯ್ದಿತು. ಕಾಸಿಲ್ಲದಿದ್ದರೂ ವಾರದ ಸಾಮಾನು ಕೊಟ್ಟು ಬರೆದಿಟ್ಟುಕೊಂಡ ಅಂಗಡಿಯವರು ಹಸಿವನ್ನೂ ತಡೆದರು, ಜನರ ಓಡಾಟವನ್ನೂ ತಗ್ಗಿಸಿದರು. ಸರ್ಕಾರವೂ ಒಂದು ಒಳ್ಳೆಯ ಕೆಲಸ ಮಾಡಿತು. 2020ರ ಏಪ್ರಿಲ್‌ನಲ್ಲಿ ನ್ಯಾಯಬೆಲೆ ಅಂಗಡಿಗಳಲ್ಲಿ ಎರಡು ತಿಂಗಳ ಪಡಿತರ ಒಟ್ಟಿಗೇ ಸಿಕ್ಕಿತು, ಆ ದಿನಗಳಲ್ಲೇ ಕೇಂದ್ರದಿಂದ ತಿಂಗಳಿಗೆ ತಲಾ 5 ಕೆ.ಜಿ. ಧಾನ್ಯ ಉಚಿತವಾಗಿ ಸೇರಿತು, ಎಲ್ಲರೂ ಒಂದೇ ಯಂತ್ರಕ್ಕೆ ಹೆಬ್ಬೆಟ್ಟು ಒತ್ತುವುದನ್ನು ಕೈಬಿಡಲಾಯಿತು. ಎರಡು ಸಲದ ಸಾಲು ಒಂದೇ ಸಲಕ್ಕೆ ಇಳಿಯಿತು ಎಂಬುದೇ ಇದರಲ್ಲಿ ನಿಜವಾದ ರಕ್ಷಣೆ.

ಮೇಜಿನ ಆಚೆ ನಿಂತವರ ವಿಷಯಕ್ಕೆ ಬರುತ್ತೇನೆ. ಗಿರಾಕಿ ಐದು ನಿಮಿಷ ನಿಂತು ಹೋಗುತ್ತಾರೆ. ಅಂಗಡಿಯವರು ನಾಲ್ಕು ಗಂಟೆಯೂ ಅಲ್ಲೇ, ಊರಿನ ಉಸಿರೆಲ್ಲ ಅವರ ಮುಖಕ್ಕೇ. ಅವರ ಬೆನ್ನ ಹಿಂದೆ ಮೂಟೆಗಳು, ಗೋಡೆ. ಗಾಳಿಗೆ ಹೊರಹೋಗುವ ದಾರಿಯಿಲ್ಲ. ಅಂಗಡಿಯ ಹಿಂಬಾಗಿಲೋ ಮೇಲಿನ ಗೂಡುಕಿಟಕಿಯೋ ಇದ್ದರೆ ಅದನ್ನು ತೆರೆದು, ಒಂದು ಫ್ಯಾನನ್ನು ಒಳಗಿನಿಂದ ಬೀದಿಯ ಕಡೆಗೆ ತಿರುಗಿಸಿಟ್ಟರೆ ಅವರ ಅಪಾಯ ಬಹಳಷ್ಟು ಇಳಿಯುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಹೇಳಿಕೊಟ್ಟವರು ಕಡಿಮೆ. ಗಿರಾಕಿಯ ಮಾಸ್ಕ್ ಗಿರಾಕಿಗಿಂತ ಹೆಚ್ಚಾಗಿ ಅಂಗಡಿಯವರನ್ನು ಕಾಯುತ್ತದೆ. ‘ಅಣ್ಣ, ಮಾಸ್ಕ್ ಮೇಲಕ್ಕೆ ಹಾಕ್ಕೊಳಿ’ ಎಂದು ಅವರು ಹೇಳಿದಾಗ ಮುಖ ಗಂಟಿಕ್ಕಿದವರು ಇದನ್ನು ತಿಳಿಯಲಿಲ್ಲ.

ವಾರದ ಸಂತೆ ನಿಂತದ್ದರಿಂದ ರೈತರಿಗಾದ ನಷ್ಟವೂ ಸಣ್ಣದಲ್ಲ. ಕಪಿಲೆ, ಕಾವೇರಿ ನಾಲೆಗಳ ನೀರಿನಲ್ಲಿ ತರಕಾರಿ, ಬಾಳೆ ಬೆಳೆಯುವ ನಂಜನಗೂಡು, ತಿ. ನರಸೀಪುರ ತಾಲ್ಲೂಕಿನವರು ಮೈಸೂರು, ಕೇರಳದ ಮಾರುಕಟ್ಟೆಯನ್ನು ನೆಚ್ಚಿದವರು. ಒಂದೇ ರಾಷ್ಟ್ರೀಯ ಹೆದ್ದಾರಿ, 766, ಕೋಳಿಕ್ಕೋಡಿನಿಂದ ನಂಜನಗೂಡು, ಮೈಸೂರು, ತಿ. ನರಸೀಪುರ ಹಾದು ಕೊಳ್ಳೇಗಾಲಕ್ಕೆ ಹೋಗುತ್ತದೆ. ಆ ದಾರಿಯಲ್ಲಿ ಲಾರಿ ನಿಂತರೆ ಹೊಲದಲ್ಲಿ ಟೊಮೆಟೊ ಕೊಳೆಯುತ್ತದೆ, ಪೇಟೆಯಲ್ಲಿ ಅದಕ್ಕೇ ಜನ ಸಾಲು ನಿಲ್ಲುತ್ತಾರೆ. ತಳ್ಳುಗಾಡಿಯವರು ಕೇರಿ ಕೇರಿಗೆ ತರಕಾರಿ ತಂದದ್ದು ಎರಡೂ ಕಡೆಯವರನ್ನು ಉಳಿಸಿತು. ಬಯಲಿನಲ್ಲಿ, ಬಾಗಿಲಲ್ಲೇ, ಒಂದು ಸಲಕ್ಕೆ ಒಂದೇ ಮನೆಯವರು ನಿಂತು ಕೊಳ್ಳುವ ವ್ಯಾಪಾರಕ್ಕಿಂತ ಕ್ಷೇಮವಾದದ್ದು ಯಾವುದಿದೆ?

ಇಂಥ ದಿನಗಳು ಮತ್ತೆ ಬಂದರೆ ಒಂದು ಮನೆ ಮಾಡಬೇಕಾದದ್ದು ಹೆಚ್ಚೇನಿಲ್ಲ. ಮನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರು ಮಾತ್ರ ಹೋಗಲಿ, ವಯಸ್ಸಾದವರು, ಸಕ್ಕರೆ ಕಾಯಿಲೆ, ಉಬ್ಬಸ ಇದ್ದವರು ಬೇಡ. ಚೀಟಿಯನ್ನು ಹಿಂದಿನ ದಿನವೇ ಬರೆದು ಫೋಟೊ ತೆಗೆದು ಅಂಗಡಿಗೆ ಕಳಿಸಿದರೆ ಕಟ್ಟಿಟ್ಟ ಸಾಮಾನು ಎತ್ತಿಕೊಂಡು ಬರುವ ಕೆಲಸವಷ್ಟೇ. ಸ್ಮಾರ್ಟ್‌ಫೋನ್ ಇಲ್ಲದವರು ಚೀಟಿ ಕೊಟ್ಟು, ದೂರದ ಮರದ ನೆರಳಲ್ಲಿ ನಿಂತು ಕರೆದಾಗ ಬರಬಹುದು. ಮೂಗು ಮುಚ್ಚುವ ಮಾಸ್ಕ್ ಇರಲಿ. ಚೌಕಾಸಿ, ಕುಶಲ ವಿಚಾರಣೆ ಫೋನಿನಲ್ಲಾಗಲಿ. ಮುಚ್ಚಿದ ಅಂಗಡಿಯೊಳಗೆ ಹೋಗಲೇಬೇಕಾದರೆ ಬೇಗ ಮುಗಿಸಿ ಹೊರಬರಲಿ. ಮನೆಗೆ ಬಂದು ಕೈ ತೊಳೆದರಾಯಿತು, ಬೇಳೆ ಪೊಟ್ಟಣವನ್ನು ಅದರ ಪಾಡಿಗೆ ಬಿಡಬಹುದು.

ಮನೆಯವರ ಕೈಯಲ್ಲಿರುವುದು ಇಷ್ಟೇ. ದೊಡ್ಡ ಪಾಲು ಆಡಳಿತದ ಕೈಯಲ್ಲಿದೆ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 2019ರ ಫೆಬ್ರುವರಿಯಲ್ಲಿ ಮೂರು ದಿನ ಕುಂಭಮೇಳ ನಡೆಸಿದ್ದು ಇದೇ ಮೈಸೂರು ಜಿಲ್ಲಾಡಳಿತ. ಬಂದ ಜನಸಾಗರಕ್ಕೆ ಹೋಗುವ ದಾರಿ, ಬರುವ ದಾರಿ, ನಿಲ್ಲುವ ಜಾಗ ಎಲ್ಲ ಗುರುತು ಹಾಕಿತ್ತು. ನಂಜನಗೂಡಿನ ದೊಡ್ಡ ಜಾತ್ರೆಗೆ ಪ್ರತಿ ವರ್ಷ ಐದು ತೇರು ಹರಿಯುವ ಅಗಲದ ರಥಬೀದಿಗಳಿವೆ. 2020ರಲ್ಲಿ ಜಾತ್ರೆ ನಿಂತು ಆ ಬೀದಿಗಳು ಬರಿದಾಗಿದ್ದವು. ಅಲ್ಲಿ ಹತ್ತು ಮಾರಿಗೊಂದರಂತೆ ತರಕಾರಿ, ದಿನಸಿ, ಮಾಂಸದ ಅಂಗಡಿ ಹಾಕಿಸಿ, ಬೆಳಗಿನಿಂದ ಸಂಜೆಯವರೆಗೆ ತೆರೆದಿಟ್ಟು, ವಾರ್ಡಿಗೊಂದು ಹೊತ್ತು ಗೊತ್ತುಮಾಡಿದ್ದರೆ ನಾಲ್ಕು ಗಂಟೆಯ ನೂಕುನುಗ್ಗಲಿನ ಅಗತ್ಯವೇ ಇರಲಿಲ್ಲ. ನಂಜನಗೂಡಿನ ನಗರಸಭೆ, ನರಸೀಪುರದ ಪುರಸಭೆ ಈಗಲೇ ಅಂಥದೊಂದು ನಕ್ಷೆ ಬರೆಸಿಟ್ಟುಕೊಳ್ಳಲಿ. ಯಾವ ಬಯಲಿನಲ್ಲಿ ಎಷ್ಟು ಅಂಗಡಿ, ಯಾವ ಹಳ್ಳಿಗೆ ಯಾವ ದಿನ ತರಕಾರಿ ಗಾಡಿ, ಯಾರ ಮನೆಗೆ ಪಡಿತರ ಮುಟ್ಟಿಸಬೇಕು ಎಂಬ ಪಟ್ಟಿ ಅದರಲ್ಲಿರಲಿ. ಆ ಪಟ್ಟಿ ಮಾಡುವಾಗ ಅಧಿಕಾರಿಗಳ ಜೊತೆ ಇಬ್ಬರು ದಿನಸಿ ಅಂಗಡಿಯವರನ್ನೂ ಒಬ್ಬ ಸೊಪ್ಪು ಮಾರುವ ಹೆಂಗಸನ್ನೂ ಕೂರಿಸಿಕೊಳ್ಳಲಿ.